ಚೇಂದಮಂಗಲದ ಸಿನಗಾಗ್

ಕೇರಳದ ಎರ್ನಾಕುಳಂ ಜಿಲ್ಲೆಯ ಉತ್ತರ ಭಾಗದಲ್ಲಿ, ಪೆರಿಯಾರ್ ನದಿಯ ಕವಲುಗಳು ಬಳಸಿ ಹರಿಯುವ ನೆಲದಲ್ಲಿ ಚೇಂದಮಂಗಲವೆಂಬ ಪುಟ್ಟ ಊರಿದೆ. ಕೈಮಗ್ಗದ ಬಟ್ಟೆಗೆ ಹೆಸರಾದ ಊರದು. ಕೊಚ್ಚಿಯ ಅರಸರಿಗೆ ವಂಶಪಾರಂಪರ್ಯವಾಗಿ ಮಂತ್ರಿಗಳಾಗಿದ್ದ ಪಾಲಿಯತ್ತ್ ಅಚ್ಚನ್ ಮನೆತನದ ನೆಲೆಯೂ ಹೌದು. ಇಲ್ಲಿ ದೇವಾಲಯ, ಮಸೀದಿ, ಇಗರ್ಜಿಗಳು ಒಂದಕ್ಕೊಂದು ಸಮೀಪದಲ್ಲಿಯೇ ನಿಂತಿವೆ. ಅವುಗಳ ನೆರೆಯಲ್ಲಿ ನಾಲ್ಕನೆಯದೊಂದು ಕಟ್ಟಡವಿದೆ. ಅದು ಯೆಹೂದ್ಯರ ಪ್ರಾರ್ಥನಾ ಮಂದಿರ. ಇಂಥ ಮಂದಿರವನ್ನು ಸಿನಗಾಗ್ ಎನ್ನುತ್ತಾರೆ.

ಯೆಹೂದ್ಯರು ಕೇರಳಕ್ಕೆ ಬಂದದ್ದು ಮೆಣಸಿನ ವ್ಯಾಪಾರದ ಹಾದಿಯಲ್ಲಿ. ಕ್ರಿ.ಶ. 1000ದ ಸುಮಾರಿಗೆ ಚೇರ ದೊರೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನನೆಂಬ ಯೆಹೂದಿ ಮುಖಂಡನಿಗೆ ಪಲ್ಲಕ್ಕಿ, ಕೊಡೆ, ಹಗಲು ದೀವಟಿಗೆ ಮೊದಲಾದ ಮರ್ಯಾದೆಗಳನ್ನು ತಾಮ್ರಶಾಸನದ ಮೂಲಕ ದಯಪಾಲಿಸಿದನು. ಪರದೇಶದಿಂದ ಬಂದವರನ್ನು ಆ ಕಾಲದ ಅರಸರು ಹೇಗೆ ಕಾಣುತ್ತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಚೇಂದಮಂಗಲದ ಮಂದಿರವು ಮೊದಲು 1420ರಲ್ಲಿ ಕಟ್ಟಲ್ಪಟ್ಟು, ಬೆಂಕಿಗೆ ಆಹುತಿಯಾಗಿ, 1614ರಲ್ಲಿ ಮರಳಿ ನಿರ್ಮಾಣವಾಯಿತೆಂದು ಪರಂಪರೆಯ ಹೇಳಿಕೆ ಇದೆ. ಅದರ ಮುಂದೆ ನಿಲ್ಲಿಸಿರುವ ಒಂದು ಸಮಾಧಿಶಿಲೆ ಇದಕ್ಕಿಂತ ಬಹಳ ಹಳೆಯದು. 1269ರಲ್ಲಿ ತೀರಿಕೊಂಡ ಸಾರಾ ಎಂಬ ಸ್ತ್ರೀಯ ಹೆಸರು ಅದರಲ್ಲಿ ಹೀಬ್ರೂ ಲಿಪಿಯಲ್ಲಿದೆ. ಭಾರತದಲ್ಲಿ ದೊರೆತಿರುವ ಅತಿ ಪ್ರಾಚೀನ ಹೀಬ್ರೂ ಬರಹಗಳಲ್ಲಿ ಇದೂ ಒಂದು.

ಹೊರಗಿನಿಂದ ನೋಡಿದವರಿಗೆ ಇದು ಮಲೆಯಾಳ ದೇಶದ ಸಿರಿವಂತರೊಬ್ಬರ ಮನೆಯೇ ಎಂಬ ಭ್ರಮೆ ಹುಟ್ಟುವಂತಿದೆ. ದಕ್ಷಿಣ ಕನ್ನಡದವರು ಮುರಕಲ್ಲು ಎನ್ನುವ ಜಂಬಿಟ್ಟಿಗೆಯ ದಪ್ಪ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ಮಳೆನೀರು ಸರಸರನೆ ಇಳಿದು ಹೋಗುವಂತೆ ಇಳಿಜಾರಾದ ಹೆಂಚಿನ ಮಾಡು. ಮುನ್ನಡೆದರೆ ಮೊದಲು ಹೊರಕೋಣೆ, ಅನಂತರ ಪ್ರಾರ್ಥನಾ ಮಂಟಪ. ಚಾವಣಿಯ ಮರದ ಚೌಕಗಳಲ್ಲಿ ಬಣ್ಣ ತುಂಬಿದ ಕಮಲಗಳನ್ನು ಕಾಣಬಹುದು. ದೇವರ ವಿಗ್ರಹಕ್ಕೆ ಎಡೆಯಿಲ್ಲದ ಮತದ ಮಂದಿರಕ್ಕೆ ಕೇರಳದ ಬಡಗಿಗಳ ಕೈ ಕಮಲವನ್ನು ತಂದಿತು. ಪ್ರಾರ್ಥಿಸುವವರು ಅದನ್ನು ಬೇಡವೆನ್ನಲಿಲ್ಲ.

ಪಶ್ಚಿಮದ ಗೋಡೆಗೆ ತಗುಲಿದಂತೆ ಕೆತ್ತನೆಯ ಮರದ ಕಪಾಟೊಂದಿದೆ. ಅದರ ಹೆಸರು ಹೇಖಾಲ್. ಯೆಹೂದ್ಯರ ಧರ್ಮಗ್ರಂಥವಾದ ತೋರಾದ, ಚರ್ಮದ ಹಾಳೆಗಳ ಮೇಲೆ ಕೈಯಿಂದ ಬರೆದ ಸುರುಳಿಗಳನ್ನು ಇಡುವ ಸ್ಥಾನವದು. ಜೆರೂಸಲೇಮ್ ನಗರವು ಕೇರಳಕ್ಕೆ ಪಶ್ಚಿಮದ ಕಡೆಗಿರುವುದರಿಂದ ಪ್ರಾರ್ಥಿಸುವವರ ಮುಖ ಅತ್ತ ತಿರುಗಿರುತ್ತಿತ್ತು. ಗ್ರಂಥಪಠನದ ವೇದಿಕೆಗೆ ತೇವಾ ಎಂದು ಹೆಸರು. ಅನ್ಯ ದೇಶಗಳ ಸಿನಗಾಗುಗಳಲ್ಲಿ ಇಂಥ ವೇದಿಕೆ ಒಂದೇ ಇರುವುದು ವಾಡಿಕೆ. ಕೇರಳದಲ್ಲಿಯಾದರೋ ಎರಡು: ಮಂಟಪದ ನಡುವೆ ಒಂದು, ಮೇಲಿನ ಉಪ್ಪರಿಗೆಯಲ್ಲಿ ಮತ್ತೊಂದು. ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನದಲ್ಲಿಯೂ ಹಬ್ಬಗಳಲ್ಲಿಯೂ ತೋರಾವನ್ನು ಮೇಲಿನ ವೇದಿಕೆಯಿಂದಲೇ ಓದುತ್ತಿದ್ದರು. ಅದರ ಬೆನ್ನಿಗೇ, ಮರದ ಜಾಲಂಧ್ರದ ಹಿಂದೆ, ಸ್ತ್ರೀಯರು ಕುಳಿತುಕೊಳ್ಳುವ ಭಾಗವಿತ್ತು. ಹೀಗಾಗಿ ಮರೆಯಲ್ಲಿ ಕುಳಿತವರಿಗೇ ಓದು ಅತಿ ಸಮೀಪದಿಂದ ಕೇಳಿಸುತ್ತಿತ್ತು. ಆ ಸ್ತ್ರೀಯರು ಕೇವಲ ಕೇಳುಗರಾಗಿರಲಿಲ್ಲ. ಮದುವೆಯಲ್ಲಿ, ಹಬ್ಬಗಳಲ್ಲಿ ಹಾಡಲು ಅವರಿಗೆ ತಮ್ಮವೇ ಆದ ಮಲೆಯಾಳದ ಹಾಡುಗಳಿದ್ದವು. ಅವನ್ನು ಪುಸ್ತಕಗಳಲ್ಲಿ ಬರೆದಿಟ್ಟು, ತಾಯಿಯಿಂದ ಮಗಳಿಗೆ ದಾಟಿಸುತ್ತಿದ್ದರು.

1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾಯಿತು. ಕೇರಳದ ಯೆಹೂದ್ಯರನ್ನು ಯಾರೂ ಹೊರದೂಡಲಿಲ್ಲ. ಪೂರ್ವಜರು ದಿನದಿನವೂ ಪ್ರಾರ್ಥನೆಯಲ್ಲಿ ಸ್ಮರಿಸಿದ ನಾಡಿಗೆ ತೆರಳುವ ಹಂಬಲದಿಂದ 1950ರ ದಶಕದಲ್ಲಿ ಅವರಲ್ಲಿ ಬಹುಪಾಲು ಜನರು ಮನೆಮಾರುಗಳನ್ನು ಮಾರಿ ಹೊರಟರು. ಮತದ ಕಟ್ಟಳೆಯಂತೆ ಸಾಮೂಹಿಕ ಪ್ರಾರ್ಥನೆಗೆ ಪ್ರಾಯಕ್ಕೆ ಬಂದ ಗಂಡಸರು ಹತ್ತು ಮಂದಿಯಾದರೂ ಕೂಡಬೇಕು. ಒಂಬತ್ತು ಮಂದಿ ಇದ್ದರೂ ಆಗದು. ಚೇಂದಮಂಗಲದಲ್ಲಿ ಆ ಹತ್ತು ಮಂದಿ ಉಳಿಯಲಿಲ್ಲ. ಮಂದಿರ ಮೌನವಾಯಿತು, ಗೆದ್ದಲೂ ಮಳೆಯೂ ತಮ್ಮ ಕೆಲಸವನ್ನು ಮಾಡಿದವು. ಈ ಶತಮಾನದ ಮೊದಲ ದಶಕದಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿ, ಕೇರಳದ ಯೆಹೂದ್ಯರ ಜೀವನವನ್ನು ಪರಿಚಯಿಸುವ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಯಿತು.

ಹೊರಟವರು ತೋರಾದ ಸುರುಳಿಗಳನ್ನು ಕೊಂಡೊಯ್ದರು. ಹೆಂಗಸರ ಹಾಡಿನ ಪುಸ್ತಕಗಳೂ ಅವರೊಡನೆ ಕಡಲು ದಾಟಿದವು. ಮುಂದೆ ವಿದ್ವಾಂಸರು ಇಸ್ರೇಲಿನಲ್ಲಿ ಆ ವೃದ್ಧೆಯರನ್ನು ಹುಡುಕಿಕೊಂಡು ಹೋಗಿ, ಅವರು ಹಾಡಿದ ಮಲೆಯಾಳದ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು.