ಬಿರುಗಾಳಿಯ ಮರುದಿನ

ಚೈತ್ರ ವೈಶಾಖಗಳ ಬಿಸಿಲು ನೆತ್ತಿಯನ್ನು ಸುಡುತ್ತಿರುವಾಗಲೇ ಒಂದು ಸಾಯಂಕಾಲ ದಿಕ್ಕು ಕಪ್ಪಾಗಿ, ಧೂಳೆದ್ದು, ಗಾಳಿಯೂ ಮಳೆಯೂ ಒಮ್ಮೆಗೇ ನುಗ್ಗಿ ಬರುವುದು ರಾಯಚೂರು ಸೀಮೆಯವರಿಗೆ ಹೊಸತಲ್ಲ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಾಗಲಿ, ದೇವದುರ್ಗ ಮಾನ್ವಿಗಳ ಹಳ್ಳಿಗಳಲ್ಲಾಗಲಿ, ಅರ್ಧ ಗಂಟೆಯ ಗಾಳಿಯು ಮನೆಯ ತಗಡುಗಳನ್ನು ಹಾರಿಸಿಬಿಡಬಲ್ಲುದು. ಮಳೆ ಬಿಡದೆ ಹಿಡಿದರೆ ಕೇಡು ಬೇರೆ ಬಗೆಯದು. 2009ನೆಯ ಇಸವಿಯ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಸುರಿದ ಮಳೆಗೆ ಈ ಜಿಲ್ಲೆಯ ಎಷ್ಟೋ ಮಣ್ಣಿನ ಮನೆಗಳು ನೆಲಕ್ಕೊರಗಿದುವು. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುವ ಹೊತ್ತಿಗೇ ಅದನ್ನು ಹೊತ್ತ ಗೋಡೆ ನೆನೆದು ಮೆತ್ತಗಾಗುವುದು.

ಇಂಥ ಆಪತ್ತಿನ ಬೆನ್ನಲ್ಲೇ ಇನ್ನೊಂದು ಆಪತ್ತು ಬಾಗಿಲಿಗೆ ಬರುವುದುಂಟು. “ಇಂದೇ ಮುಂಗಡ ಕೊಟ್ಟರೆ ನಾಳೆಯೇ ಕೆಲಸ, ತಡಮಾಡಿದರೆ ತಗಡಿನ ಬೆಲೆ ಏರುವುದು” ಎನ್ನುವ ಅಪರಿಚಿತನೇ ಅದು. ನಮ್ಮ ಅವಸರವೇ ಅವನ ಬಂಡವಾಳ. ಆದುದರಿಂದ ಮನೆಯೊಡೆಯರೂ ಗೃಹಿಣಿಯರೂ ನೆನಪಿಡತಕ್ಕ ಮಾತು ಒಂದೇ: ಮೊದಲು ಹೊದಿಸಿರಿ, ಆಮೇಲೆ ಕಟ್ಟಿಸಿರಿ. ಒಂದು ತಾಡಪತ್ರಿಯನ್ನು ಬಿಗಿದು ಕಟ್ಟಿದರೆ, ವಿಚಾರಮಾಡುವುದಕ್ಕೆ ನಾಲ್ಕು ದಿನಗಳ ಬಿಡುವು ದೊರೆಯುವುದು. ಆದರೆ ಗೋಡೆ ಬಿರಿದಿದ್ದರೆ ಒಳಗೆ ಮಲಗಕೂಡದು. ಬಿದ್ದ ತಂತಿಯನ್ನು ಮುಟ್ಟದೆ ಜೆಸ್ಕಾಂನವರಿಗೆ ತಿಳಿಸತಕ್ಕದ್ದು.

ಕಲ್ಲುಮಣ್ಣು ತೆಗೆಸುವ ಮುಂಚೆ ಹಾನಿಯ ಭಾವಚಿತ್ರಗಳನ್ನು ತೆಗೆದುಕೊಂಡು, ಹಳ್ಳಿಯಲ್ಲಾದರೆ ಗ್ರಾಮ ಆಡಳಿತ ಅಧಿಕಾರಿಗೆ ಸುದ್ದಿ ಮುಟ್ಟಿಸಬೇಕು. ಸರಕಾರದ ಪರಿಹಾರವು ಅವರ ಪರಿಶೀಲನೆಯನ್ನು ಅವಲಂಬಿಸಿದೆ. ದುರಸ್ತಿಯಾದ ಮೇಲೆ ತೋರಿಸಲು ಏನು ಉಳಿದೀತು?

ಇನ್ನು ಕೆಲಸಗಾರನ ಆಯ್ಕೆ. ಇಬ್ಬರು ಮೂವರನ್ನು ಕರೆಸಿ, ಒಂದೇ ಕೆಲಸಕ್ಕೆ ಲೆಕ್ಕ ಕೇಳಿರಿ. ಬಹಳ ಅಗ್ಗವಾಗಿ ಹೇಳಿದವನು ಎಲ್ಲಿ ಉಳಿಸುವನೆಂಬುದನ್ನೂ ವಿಚಾರಿಸಿರಿ. ಅವನು ಮಾಡಿದ ಹೊಸ ಮನೆಯನ್ನಲ್ಲ, ಒಂದೆರಡು ಮಳೆಗಾಲ ಕಂಡ ಮನೆಯನ್ನು ನೋಡಿ ಬರುವುದು ಮೇಲು. ಅಲ್ಲಿ ಯಜಮಾನನಿಗಿಂತ ಮನೆಯಾಕೆಯನ್ನು ಕೇಳಿರಿ. ಸೋರುವಲ್ಲಿ ಪಾತ್ರೆ ಇಟ್ಟವಳು ಆಕೆಯೇ ಅಲ್ಲವೇ? ಊರಿನ ಗೌಂಡಿಯಾದರೆ ನಾಳೆ ಸಂತೆಯಲ್ಲಿ ನಮ್ಮ ಮುಖ ನೋಡಬೇಕಾದವನು. ಆ ದಾಕ್ಷಿಣ್ಯವೂ ಒಂದು ಜಾಮೀನೇ.

ಆದರೂ ದಾಕ್ಷಿಣ್ಯವೊಂದೇ ಸಾಲದು. ಎಷ್ಟು ಚದರ ಅಡಿಯ ಕೆಲಸ, ಯಾವ ಸಾಮಾನು, ಯಾರು ತರುವುದು, ಎಷ್ಟು ದಿನ ಎಂಬುದನ್ನೆಲ್ಲ ಒಂದು ಕಾಗದದ ಮೇಲೆ ಬರೆದು ಇಬ್ಬರೂ ರುಜುಮಾಡತಕ್ಕದ್ದು. ಹಣವನ್ನು ಕಂತುಗಳಾಗಿ ಕೊಡಿರಿ. ಕೊನೆಯ ಸಣ್ಣ ಕಂತನ್ನು ಒಂದು ಒಳ್ಳೆಯ ಮಳೆಯಾಗುವ ತನಕ ಇಟ್ಟುಕೊಳ್ಳುವುದೆಂದು ಮೊದಲೇ ಬರೆದಿಡಿರಿ. ಈ ನೆವದಲ್ಲಿ ಆಳುಗಳ ದಿನಗೂಲಿಯನ್ನು ತಡೆಯುವುದು ಮಾತ್ರ ಅನ್ಯಾಯ. ನಂಬಿಕೆ ಎರಡು ಕಡೆಯಿಂದಲೂ ನಡೆಯಬೇಕು.

ಕೆಲಸ ನಡೆಯುವಾಗ ಮೂರು ವಿಷಯಗಳನ್ನು ಯಾರಾದರೂ ಪರೀಕ್ಷಿಸಬಹುದು. ಮಾಡಿನ ತಗಡಿಗೆ ಮೊಳೆಯನ್ನು ಉಬ್ಬಿನ ಮೇಲೆ ಹೊಡೆಯಬೇಕು. ತಗ್ಗಿನಲ್ಲಿ ಹೊಡೆದರೆ ನೀರು ಅಲ್ಲಿಯೇ ಹರಿದು ಒಳಗಿಳಿಯುವುದು. ಗಾಳಿಯು ಮೊದಲು ಎತ್ತುವುದು ಅಂಚುಗಳನ್ನಾದುದರಿಂದ ಅಲ್ಲಿ ಬಿಗಿತ ಹೆಚ್ಚಾಗಿರಬೇಕು. ಎರಡನೆಯದಾಗಿ, ಎರಡು ಸುಟ್ಟ ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿದರೆ ಗಣ್ಣೆನ್ನಬೇಕು. ಕಡೆಯದಾಗಿ, ಕಾಂಕ್ರೀಟನ್ನು ಕನಿಷ್ಠ 7 ದಿನ ಹಸಿಯಾಗಿಡಬೇಕು. ಶಕ್ತಿನಗರದಲ್ಲಿ 1985ರಿಂದ ನಡೆದಿರುವ ವಿದ್ಯುತ್ ಸ್ಥಾವರದಂಥ ಕಡೆಗಳಲ್ಲಿ ದೊರೆಯುವ ಹಾರುಬೂದಿಯನ್ನು ಸಿಮೆಂಟಿನಲ್ಲಿ ಬೆರೆಸುವುದುಂಟು. ಅಂಥದಕ್ಕೆ 10 ದಿನ ನೀರುಣಿಸುವುದು ಉಚಿತ. ಈ ನೀರಿನ ಕೆಲಸವನ್ನು ಗುತ್ತಿಗೆದಾರನು ಮರೆತರೂ ಮನೆಯವರು ಮರೆಯಬಾರದು.

ಇಷ್ಟಾದರೂ ವಂಚನೆಯಾದರೆ ಸುಮ್ಮನೆ ಕೂಡ್ರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿ ನಮ್ಮ ಪರವಾಗಿ ನುಡಿಯತಕ್ಕವು ಆ ರುಜುವಿನ ಕಾಗದ, ರಸೀದಿಗಳು, ಭಾವಚಿತ್ರಗಳು. ಇವನ್ನು ಮನೆಯ ಹಕ್ಕುಪತ್ರಗಳ ಜೊತೆಗೆ, ನೀರು ತಾಗದ ಪೆಟ್ಟಿಗೆಯಲ್ಲಿ ಜೋಪಾನವಾಗಿಡತಕ್ಕದ್ದು.