ಮುಪ್ಪಿನ ಒಳಗಾವಲು

‘ಹಂಪೆ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬುದು ನಮ್ಮ ಕಡೆಯ ನಾಣ್ಣುಡಿ. ಮರುಳಸಿದ್ಧೇಶ್ವರನ ಗುಡಿಯೊಳಗಣ ಕೆತ್ತನೆಯನ್ನು ಕುರಿತ ಈ ಮಾತು ಮುಪ್ಪಿನ ದೇಹಕ್ಕೂ ಸಲ್ಲುವುದೆಂದು ನಾನು ಅರಿತದ್ದು ಒಂದು ಜಾತ್ರೆಯಲ್ಲಿ. ಶಿಖರದ ತೈಲಾಭಿಷೇಕ ನೋಡಲು ಬಂದಿದ್ದ ನನ್ನ ಸೋದರತ್ತೆ ಮರುದಿನ ಊಟ ಬಿಟ್ಟರು, ಮಾತು ತಡವರಿಸಿತು. ಹಣೆ ಮುಟ್ಟಿದೆವು, ಬಿಸಿಯಿರಲಿಲ್ಲ. ಜ್ವರವಿಲ್ಲವಲ್ಲ, ಬಿಸಿಲಿನ ದಣಿವಿರಬೇಕೆಂದು ಎರಡು ದಿನ ಸುಮ್ಮನಿದ್ದೆವು. ಅದು ನ್ಯುಮೋನಿಯ. ಅವರು ಬದುಕಿಕೊಂಡರು, ಆ ಎರಡು ದಿನಗಳನ್ನು ಮಾತ್ರ ನಾನು ಮರೆತಿಲ್ಲ.

ಜ್ವರವೆಂಬುದು ರೋಗಾಣು ಹೊತ್ತು ತರುವ ಬಿಸಿಯಲ್ಲ. ದೇಹದ ಕಾವಲು ತಾನೇ ಹೊತ್ತಿಸುವ ಬೆಂಕಿ. ಹುಟ್ಟಿನಿಂದಲೇ ಬಂದ ಈ ಕಾವಲಿಗೆ ಸಹಜ ರೋಗನಿರೋಧ ಶಕ್ತಿಯೆಂದು ಹೆಸರು. ಲಸಿಕೆಯಿಂದಲೋ ಹಿಂದಿನ ಕಾಯಿಲೆಯಿಂದಲೋ ಪಾಠ ಕಲಿಯುವ ಇನ್ನೊಂದು ಶಕ್ತಿಗೆ ಹೊಸ ವೈರಿಯೆದುರು ಸಜ್ಜಾಗಲು ದಿನಗಳೇ ಬೇಕು. ಇದಕ್ಕೆ ಗಳಿಗೆಗಳು ಸಾಕು. 1882ರಲ್ಲಿ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಜೀವಕೋಶಗಳು ನೆರೆದುದನ್ನು ಕಂಡರು. ಅವು ಈ ಕಾವಲಿನವರೇ.

ಮುಪ್ಪಿನಲ್ಲಿ ಕಾವಲುಗಾರರ ಸಂಖ್ಯೆ ಅಷ್ಟಾಗಿ ಕುಗ್ಗುವುದಿಲ್ಲ, ಸೋಜಿಗವೆಂದರೆ ಅದೇ. ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ಕಣಗಳನ್ನು ಹುಟ್ಟಿಸುತ್ತದೆ; 80ರ ವಯಸ್ಸಿನಲ್ಲಿಯೂ ರಕ್ತದಲ್ಲಿ ಅವುಗಳ ಎಣಿಕೆ ಹೆಚ್ಚುಕಡಮೆ ಮೊದಲಿನಷ್ಟೇ. ತಪ್ಪುವುದು ದಾರಿ. ಎಳೆಯರಲ್ಲಿ ನೇರವಾಗಿ ಸೋಂಕಿನೆಡೆಗೆ ಸಾಗುವ ಕಣ ಮುದುಕರಲ್ಲಿ ಅತ್ತಿತ್ತ ಅಲೆಯುತ್ತದೆ. ಅಲೆಯುತ್ತ, ತಾನು ಸೂಸುವ ಕಿಣ್ವದಿಂದ ಕಾಯಬೇಕಾದ ಮನೆಯ ಗೋಡೆಯನ್ನೇ ಕೊರೆಯುತ್ತದೆ. ರೋಗಾಣುಗಳನ್ನು ನುಂಗುವ ಕೋಶಗಳ ಹಸಿವೂ ತಗ್ಗುತ್ತದೆ. ಸಹಜ ಹಂತಕ ಕೋಶಗಳು ಎಣಿಕೆಯಲ್ಲಿ ಹೆಚ್ಚಿದರೂ ಒಂದೊಂದರ ಬಲ ಕಡಮೆ.

ಇದರ ಮೇಲೆ ಇನ್ನೊಂದು ವೈಪರೀತ್ಯ. ವೈರಿಯಿಲ್ಲದಾಗಲೂ ಮುದಿ ದೇಹದಲ್ಲಿ ಉರಿಯೂತವು ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತದೆ. ಇಟಲಿಯ ಕ್ಲಾಡಿಯೊ ಫ್ರಾನ್ಚೆಸ್ಕಿ 2000ದಲ್ಲಿ ಇದಕ್ಕೊಂದು ಹೆಸರನ್ನೇ ಕೊಟ್ಟರು. ರಕ್ತನಾಳಗಳನ್ನು ಸದಾ ಸುಡುವ ಈ ಕೆಂಡ, ಬೇಕಾದ ಗಳಿಗೆಯಲ್ಲಿ ಜ್ವಾಲೆಯಾಗಲು ಮಾತ್ರ ಹಿಂಜರಿಯುತ್ತದೆ. ಕೋವಿಡ್ ಹಿರಿಯರನ್ನೇ ಹೆಚ್ಚಾಗಿ ಬಲಿಗೊಂಡುದಕ್ಕೆ ಇದೂ ಒಂದು ಕಾರಣ. ದೇಶದಲ್ಲಿ ದೃಢಪಟ್ಟ ಅದರ ಮೊದಲ ಸಾವು 2020ರ ಮಾರ್ಚಿನಲ್ಲಿ, ಕಲಬುರಗಿಯ 76 ವರ್ಷದ ವೃದ್ಧರದು.

ಆದುದರಿಂದ ವೃದ್ಧರ ಜ್ವರವನ್ನು ಬೇರೆ ಅಳತೆಯಲ್ಲಿ ನೋಡಬೇಕು. ಮತ್ತೆ ಮತ್ತೆ ಅಳೆದಾಗ ಬಾಯಿಯ ಉಷ್ಣ 99 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಇಲ್ಲವೆ ಅವರ ಎಂದಿನ ಮಟ್ಟಕ್ಕಿಂತ 2 ಡಿಗ್ರಿ ಏರಿದರೆ, ಸೋಂಕನ್ನು ಶಂಕಿಸತಕ್ಕದ್ದು. ಏನೂ ಏರದೆ ಬರಿಯ ಅರಿವು ಮಸುಕಾದರೂ ವೈದ್ಯರನ್ನು ಕಾಣತಕ್ಕದ್ದು.

ಈಗ ನಾನು ಅತ್ತೆಯ ಹಣೆಯನ್ನಷ್ಟೇ ಮುಟ್ಟಿ ಸುಮ್ಮನಾಗುವುದಿಲ್ಲ. ಉಂಡಿರಾ, ಇವತ್ತು ಯಾವ ವಾರ ಎಂದು ಕೇಳುತ್ತೇನೆ. ‘ನನ್ನನ್ನೇನು ಸಾಲಿಗೆ ಹಾಕ್ತೀಯೇನಪಾ?’ ಎಂದು ಗದರಿದರೆ ನನಗೆ ನೆಮ್ಮದಿ.