ಕೊಪ್ಪಳದ ಹಳ್ಳ, ಕಡಲಿನ ಎಣ್ಣೆ

2006ರ ಮೇ 30ರಂದು ಪನಾಮಾ ಧ್ವಜದ ‘ಓಷನ್ ಸೆರಾಯಾ’ ಹಡಗು ಕಾರವಾರದ ಬಳಿ ಬಂಡೆಗೆ ಬಡಿಯಿತು. ಅದರಲ್ಲಿ ಸುಮಾರು 650 ಟನ್ ಫರ್ನೇಸ್ ಆಯಿಲ್ ಇತ್ತು. ಮುಂಗಾರಿನ ಅಲೆಗಳಿಗೆ ಹಡಗು ಒಡೆದು, ಸೋರಿದ ಎಣ್ಣೆ ದಕ್ಷಿಣ ಗೋವಾದ ಮರಳನ್ನೂ ಕಪ್ಪಾಗಿಸಿತು. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ‘ಪ್ರಿನ್ಸೆಸ್ ಮಿರಾಲ್’, 2025ರ ಮೇ 25ರಂದು ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗಲೂ ಅದೇ ಆತಂಕ. ಇದೆಲ್ಲ ಕರಾವಳಿಯವರ ಸಂಕಟ ಎಂದು ಕೊಪ್ಪಳ, ಕುಷ್ಟಗಿಯಲ್ಲಿ ಕುಳಿತವರಿಗೆ ಅನ್ನಿಸುವುದು ಸಹಜ. ಆದರೆ ಉತ್ತರ ಅಮೆರಿಕದ ಕಡಲುಗಳ ಬಗ್ಗೆ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2022ರಲ್ಲಿ ಪ್ರಕಟಿಸಿದ ವರದಿ ಬೇರೆ ಮಾತು ಹೇಳುತ್ತದೆ. ಅಲ್ಲಿ ಸಮುದ್ರ ಸೇರುವ ಎಣ್ಣೆಯ ಅತಿ ದೊಡ್ಡ ಮೂಲ ಹಡಗಲ್ಲ, ನೆಲ. ರಸ್ತೆ, ಊರು, ಚರಂಡಿಗಳನ್ನು ತೊಳೆದುಕೊಂಡು ಹೋಗುವ ನೀರು.

ಉಷ್ಣವಲಯದ ಕಡಲಂಚಿನಲ್ಲಿ ಈ ಎಣ್ಣೆ ಮಾಡುವ ಹಾನಿಯ ಬಗೆಯೇ ಬೇರೆ. ಬಿಸಿಲಿಗೆ ಹಗುರ ಅಂಶ ಬೇಗ ಆವಿಯಾಗುತ್ತದೆ, ಬೆಚ್ಚಗಿನ ನೀರಿನಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳೂ ಚುರುಕು. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಎಣ್ಣೆಯಲ್ಲಿನ ಕೆಲವು ಬಹುಚಕ್ರೀಯ ಹೈಡ್ರೋಕಾರ್ಬನ್‌ಗಳು ಮೀನಿನ ಪಾರದರ್ಶಕ ಮರಿಯ ಮೈ ಸೇರಿದ ಮೇಲೆ, ಅದೇ ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ವಿಷ ಹಲವು ಪಟ್ಟು ಹೆಚ್ಚುತ್ತದೆ. ಇನ್ನು ಕಡಲಂಚಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಕೆಸರಿನಲ್ಲಿ ಆಮ್ಲಜನಕ ಇಲ್ಲದ ಕಾರಣ ಈ ಗಿಡಗಳು ಮೇಲೆ ಚಾಚಿದ ಬೇರಿನ ಸಣ್ಣ ರಂಧ್ರಗಳಿಂದ ಉಸಿರಾಡುತ್ತವೆ. ಎಣ್ಣೆ ಆ ರಂಧ್ರಗಳನ್ನು ಮುಚ್ಚಿದರೆ ಗಿಡ ಉಸಿರುಗಟ್ಟಿ ಸಾಯುತ್ತದೆ. ಕೆಸರಿಗೆ ಇಳಿದ ಎಣ್ಣೆಯಂತೂ ಗಾಳಿಯಿಲ್ಲದ ಅಲ್ಲಿ ಕೊಳೆಯುವುದು ಬಹಳ ನಿಧಾನ. 1986ರಲ್ಲಿ ಪನಾಮಾದ ರಿಫೈನರಿ ಟ್ಯಾಂಕ್ ಒಡೆದು 80 ಲಕ್ಷ ಲೀಟರಿಗೂ ಹೆಚ್ಚು ಕಚ್ಚಾತೈಲ ಕೊಲ್ಲಿಗೆ ಹರಿಯಿತು. ಹವಳಗಳೂ ಕಾಂಡ್ಲಾ ಮರಗಳೂ ಸತ್ತವು. ವರ್ಷಗಳಾದ ಮೇಲೂ ಅಲ್ಲಿನ ಕೆಸರಿನಿಂದ ಎಣ್ಣೆ ಒಸರುತ್ತಲೇ ಇತ್ತು.

ಈಗ ನಮ್ಮ ಕಡೆ ಬರೋಣ. ಗಂಗಾವತಿ ಭತ್ತದ ಸೀಮೆ. ಟ್ರ್ಯಾಕ್ಟರು, ಕಟಾವು ಯಂತ್ರ, ಲಾರಿ, ರೈಸ್ ಮಿಲ್ಲು ಎಲ್ಲಕ್ಕೂ ಡೀಸೆಲ್ಲು, ಎಂಜಿನ್ ಆಯಿಲ್ಲು ಬೇಕು. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ ಹೊಸ ಆಯಿಲಿನಂತಲ್ಲ. ಉರಿಯುವಾಗ ಹುಟ್ಟಿದ ಹೈಡ್ರೋಕಾರ್ಬನ್‌ಗಳೂ ಸವೆದ ಲೋಹದ ಕಣಗಳೂ ಅದರಲ್ಲಿ ಸೇರಿರುತ್ತವೆ. ಚರಂಡಿಗೆ ಸುರಿದರೆ ಅದು ಹಳ್ಳ ಹಿಡಿಯುತ್ತದೆ. ಯಲಬುರ್ಗಾ ಕಡೆಯ ಹಿರೇಹಳ್ಳ ತುಂಗಭದ್ರೆಗೆ ಸೇರುತ್ತದೆ. ತುಂಗಭದ್ರೆ ಆಂಧ್ರ, ತೆಲಂಗಾಣದ ಗಡಿಯಲ್ಲಿ ಕೃಷ್ಣೆಗೆ ಕೂಡಿ, ಶ್ರೀಶೈಲ, ನಾಗಾರ್ಜುನಸಾಗರ ದಾಟಿ ಹಂಸಲದೀವಿಯ ಬಳಿ ಕಡಲಿಗೆ ಇಳಿಯುತ್ತದೆ. ಅಲ್ಲಿಯೂ ಕಾಂಡ್ಲಾ ಕಾಡಿದೆ.

ಸುರಿದ ಹನಿಯೆಲ್ಲ ಕಡಲು ಮುಟ್ಟುತ್ತದೆ ಎನ್ನಲಾಗದು. ಎಣ್ಣೆ ಹೂಳಿಗೆ ಅಂಟಿ ಜಲಾಶಯಗಳ ತಳದಲ್ಲೇ ಕೂರಬಹುದು. ಹಾಗೆ ನಿಂತದ್ದರ ಪೆಟ್ಟು ನಮ್ಮ ಹೊಳೆಗೇ. ತುಂಗಭದ್ರಾ ಅಣೆಕಟ್ಟೆಯ ಕೆಳಗೆ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ. ನೀರುನಾಯಿಗೆ ಚರ್ಮದಡಿ ಕೊಬ್ಬಿನ ದಪ್ಪ ಪದರವಿಲ್ಲ. ದಟ್ಟ ಕೂದಲು ಹಿಡಿದಿಟ್ಟ ಗಾಳಿಯೇ ಅದರ ಕಂಬಳಿ. ಎಣ್ಣೆ ಮೆತ್ತಿದರೆ ಗಾಳಿ ಹೋಗಿ ನೀರು ಚರ್ಮಕ್ಕೆ ತಾಗುತ್ತದೆ, ಮೈ ನೆಕ್ಕಿಕೊಂಡಾಗ ವಿಷ ಹೊಟ್ಟೆಗೂ ಇಳಿಯುತ್ತದೆ. 1989ರಲ್ಲಿ ಅಲಾಸ್ಕಾದ ‘ಎಕ್ಸಾನ್ ವಾಲ್ಡೀಜ್’ ಸೋರಿಕೆಯಲ್ಲಿ ಕಡಲ ನೀರುನಾಯಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತದ್ದು ಹೀಗೆಯೇ.

ಕರಿ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಶುದ್ಧೀಕರಿಸಿ ಮತ್ತೆ ಆಯಿಲ್ ಮಾಡಬಹುದು. ತಯಾರಕ ಕಂಪನಿಗಳೇ ಅದರ ಮರುಬಳಕೆಯ ಹೊಣೆ ಹೊರಬೇಕೆಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾರಟಗಿಯ ಸಣ್ಣ ಮೆಕ್ಯಾನಿಕ್ಕನ ಅಂಗಡಿಯಿಂದಲೂ ಆಯಿಲ್ ಡಬ್ಬಿಯನ್ನು ಕೊಂಡೊಯ್ಯುವ ಗಾಡಿ ತಪ್ಪದೆ ಬರುವಂತೆ ಮಾಡುವುದು ಆ ಕಂಪನಿಗಳ, ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ.